ಕೆಂಪು ಕಾಣದ ಹಣ್ಣು

"ಇದೇನ್ ಸಾರ್, ಹಣ್ಣೆಲ್ಲ ಕಾಯಿ ಥರಾ ಕಾಣ್ತಾವೆ! ತೋಟದ ರೈಟರು ನೋಡಿದ್ರೆ ಕಾಯಿ ಕುಯ್ದಿದೀಯ ಅಂತ ಬೈತಾರೆ."

ಮೂಡಿಗೆರೆ ಹತ್ತಿರದ ತೋಟವೊಂದರಲ್ಲಿ ಕಾಫಿ ಕುಯ್ಯುವ ಹೆಂಗಸಿಗೆ ಅವಳದೇ ಫೋಟೊ ಕೊಟ್ಟಾಗ ಬಂದ ಮಾತಿದು. ಇಷ್ಟು ವರ್ಷ ಕ್ಯಾಮೆರಾ ಹಿಡಿದಿದ್ದೇನೆ, ಇಂಥ ವಿಮರ್ಶೆ ಇನ್ನೊಂದು ಸಿಕ್ಕಿಲ್ಲ.

ಅವಳು ಹೇಳಿದ್ದು ಸರಿ. ಕಪ್ಪುಬಿಳುಪು ಫಿಲ್ಮಿಗೆ ಬಣ್ಣ ಗೊತ್ತಿಲ್ಲ, ಬೆಳಕಿನ ಹೆಚ್ಚುಕಮ್ಮಿ ಅಷ್ಟೇ ಗೊತ್ತು. ಹಣ್ಣಿನ ಕೆಂಪು, ಎಲೆಯ ಹಸಿರು ಎರಡೂ ಸುಮಾರಾಗಿ ಒಂದೇ ಬೂದುಬಣ್ಣಕ್ಕೆ ಇಳಿಯುತ್ತವೆ. ಲೆನ್ಸಿಗೆ ಕೆಂಪು ಫಿಲ್ಟರ್ ಹಾಕಿದರೆ ಹಣ್ಣು ಬೆಳ್ಳಗಾಗಿ ಎಲೆ ಕಪ್ಪಾಗುತ್ತದೆ. ಹಸಿರು ಫಿಲ್ಟರಿಗೆ ಉಲ್ಟಾ. ನಾನು ಯಾವುದನ್ನೂ ಹಾಕಿರಲಿಲ್ಲ. ಹಣ್ಣು ಮರೆಯಾದದ್ದರಿಂದಲೇ ಅವಳ ಕೈ ಕಂಡಿತು: ಅಂಟು ಒಣಗಿ ಕಪ್ಪುಗಟ್ಟಿದ ಉಗುರು, ತೋರುಬೆರಳಿಗೆ ಸುತ್ತಿದ ಬಟ್ಟೆಚೂರು, ಸೊಂಟದ ಚೀಲಕ್ಕೆ ಹಾಕಿದ ಗಂಟು. ಕಲರಿನಲ್ಲಾದರೆ ಕಾಫಿಪುಡಿ ಪೊಟ್ಟಣದ ಚಿತ್ರವಾಗುತ್ತಿತ್ತು.

ಮೂಡಿಗೆರೆ, ಕ್ಯಾಮೆರಾ ಎಂದ ಕೂಡಲೇ ಎಲ್ಲರೂ ಲೇಖಕ ತೇಜಸ್ವಿಯವರ ಹಕ್ಕಿ ಫೋಟೊಗಳನ್ನು ನೆನೆಯುತ್ತಾರೆ. ನೆನೆಯಲಿ. ನಾನು ಮಾತ್ರ ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರ ಏಕಲವ್ಯ. ಬೀದಿಯ ಜನ, ದುಡಿಯುವ ಜನ, ಆಡುವ ಮಕ್ಕಳು ಅವರ ಲೋಕ. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲೇ ಪ್ರದರ್ಶನಗೊಂಡವು. ಅವರ ಚಿತ್ರಗಳಲ್ಲಿ ಜನ ಕ್ಯಾಮೆರಾಕ್ಕಾಗಿ ಸೆಟೆದು ನಿಂತಂತೆ ನನಗೆ ಕಾಣುವುದಿಲ್ಲ. ತಮ್ಮ ಪಾಡಿಗೆ ತಾವಿರುತ್ತಾರೆ. ನನಗಿನ್ನೂ ಆ ವಿದ್ಯೆ ಪೂರ್ತಿ ಹತ್ತಿಲ್ಲ. ಕ್ಯಾಮೆರಾ ಎತ್ತಿದರೆ ನಮ್ಮವರು ಮೊದಲು ಸೆರಗು ಸರಿಮಾಡಿಕೊಳ್ಳುತ್ತಾರೆ. ಎರಡು ದಿನ ಸುಮ್ಮನೆ ಕಣದಲ್ಲಿ ಕೂತು ಅವರ ಟೀ ಕುಡಿದರೆ ಮರೆಯುತ್ತಾರೆ.

ಫಿಲ್ಮ್ ತೊಳೆಯುವುದಕ್ಕೆ ನಮ್ಮೂರು ಅನುಕೂಲ. ಡೆವಲಪರ್ 20 ಡಿಗ್ರಿಯಲ್ಲಿದ್ದರೆ ಒಳ್ಳೆಯದು. ಬಯಲುಸೀಮೆಯವರು ಬೇಸಿಗೆಯಲ್ಲಿ ಐಸ್ ಹುಡುಕಿದರೆ, ನಾನು ಡಿಸೆಂಬರಿನಲ್ಲಿ ನೀರು ಕಾಯಿಸುತ್ತೇನೆ. ಶತ್ರು ಎಂದರೆ ಮಳೆಗಾಲ. ನೆಗೆಟಿವಿನ ಮೇಲಿರುವುದು ಜೆಲಟಿನ್, ಬೂಷ್ಟಿಗೆ ಅದೇ ಊಟ. ಕಳಸದ ರಥೋತ್ಸವದ್ದೊಂದು ರೋಲು ಒಂದೇ ಮುಂಗಾರಿಗೆ ಜೇಡರಬಲೆಯಾಯಿತು. ಈಗ ಲೆನ್ಸು, ನೆಗೆಟಿವು ಎಲ್ಲ ಬಲ್ಬು ಉರಿಯುವ ಮರದ ಪೆಟ್ಟಿಗೆಯಲ್ಲಿ. ಕೋಳಿಮರಿಗಳಿಗೆ ಇಡುವ ಹಾಗೆ ಎಂದು ಮನೆಯಲ್ಲಿ ನಗುತ್ತಾರೆ.

ಮುಂದಿನ ಕೊಯ್ಲಿಗೆ ಆ ಹೆಂಗಸಿನ ಲೈನ್ ಮನೆಗೆ ಹೋದಾಗ ಫೋಟೊ ಗೋಡೆಯ ಮೇಲಿತ್ತು. ಮಗಳು ಹಣ್ಣಿಗೆಲ್ಲ ಕೆಂಪು ಸ್ಕೆಚ್ ಪೆನ್ನಿನಲ್ಲಿ ಬಣ್ಣ ತುಂಬಿದ್ದಳು. ಎರಡನ್ನು ಮಾತ್ರ ಬಿಟ್ಟಿದ್ದಳು.

"ಅವೆರಡು ಕಾಯೇ ಸಾರ್," ಎಂದಳು ತಾಯಿ.