ಹಾವೇರಿ ಸೀಮೆಯ ಜನಪದ ಮೇಳಗಳಲ್ಲಿ ವೃದ್ಧ ಕಲಾವಿದನ ಸ್ಥಾನ

ಜನಪದ ಗಾಯನ-ವಾದನ ಪರಂಪರೆಯಲ್ಲಿ ನಿವೃತ್ತಿ ಎಂಬ ಕಲ್ಪನೆ ಇಲ್ಲ. ಹಾವೇರಿ, ರಾಣೆಬೆನ್ನೂರು ಹಾಗೂ ಬ್ಯಾಡಗಿ ಪರಿಸರದ ಮೇಳಗಳನ್ನು ಅವಲೋಕಿಸಿದಾಗ, ವಯಸ್ಸಾದ ಕಲಾವಿದನು ಮೇಳವನ್ನು ತೊರೆಯುವುದಕ್ಕಿಂತ ಮೇಳದೊಳಗೇ ಸ್ಥಾನ ಬದಲಿಸುವುದು ಹೆಚ್ಚು ಎಂಬುದು ತಿಳಿದುಬರುತ್ತದೆ.

ಡೊಳ್ಳು ಇದಕ್ಕೆ ಉತ್ತಮ ನಿದರ್ಶನ. ಪೊಳ್ಳು ಮರದ ಎರಡೂ ಬಾಯಿಗಳಿಗೆ ಚರ್ಮ ಬಿಗಿದ ಈ ಭಾರವಾದ ವಾದ್ಯವನ್ನು ಕಟ್ಟಿಕೊಂಡು, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯ ಅಂಗೈಯಿಂದ ಬಾರಿಸುತ್ತ ಕುಣಿಯುವುದು ಯೌವನದ ಕೆಲಸ. ಆದರೆ ಹಾಲುಮತ ಪರಂಪರೆಯಲ್ಲಿ ಕುಣಿತದಷ್ಟೇ ಮುಖ್ಯವಾದುದು ಡೊಳ್ಳಿನ ಹಾಡಿಕೆ. ಬೀರದೇವರು, ಮಾಳಿಂಗರಾಯರ ಕಥನಗಳನ್ನು ಇಲ್ಲಿ ರಾತ್ರಿಯಿಡೀ ಹಾಡಲಾಗುತ್ತದೆ. ಮುಂದಿನ ಹಾಡುಗಾರ ಒಂದು ಸಾಲು ಹೇಳಿದರೆ ಹಿಮ್ಮೇಳ ಅದನ್ನು ಎತ್ತಿಕೊಂಡು ಪುನರಾವರ್ತಿಸುತ್ತದೆ. ವೃದ್ಧ ಗಾಯಕನಿಗೆ ಉಸಿರು ತಿರುಗಿಸಿಕೊಳ್ಳಲು, ಮುಂದಿನ ಸಾಲನ್ನು ನೆನಪಿಗೆ ತಂದುಕೊಳ್ಳಲು ದೊರೆಯುವ ಅವಕಾಶವೇ ಇದು. ತೋಳಿನ ಬಲ ಕುಗ್ಗಿದವನು ಕಥನದ ಒಡೆಯನಾಗಿ ಮುಂದುವರಿಯುತ್ತಾನೆ. ಹಿಮ್ಮೇಳದ ತರುಣರು ಅದೇ ಪುನರಾವರ್ತನೆಯ ಮೂಲಕ ಹಾಡನ್ನು ಕಲಿಯುತ್ತಾರೆ.

ಎಲ್ಲ ವಾದ್ಯಗಳೂ ಇಷ್ಟು ಉದಾರವಲ್ಲ. ಸನಾದಿಯ ನಾಲಿಗೆಯನ್ನು ತುಟಿಯಲ್ಲಿ ಹಿಡಿಯಬೇಕಾದುದರಿಂದ ಹಲ್ಲುಗಳು ಉದುರಿದರೆ ನಾದ ಕೆಡುತ್ತದೆ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಮಾಲತೇಶನ ಸನ್ನಿಧಿಗೆ ಬರುವ ಗೊರವರದು ಬೇರೆಯೇ ಬಗೆ. ಗೊರವ ದೀಕ್ಷೆ ಜೀವನಪರ್ಯಂತದ್ದು. ಕೊಳಲು ಕೈಬಿಟ್ಟರೂ ಡಮರುಗ ಉಳಿಯುತ್ತದೆ.

ಶಾಸ್ತ್ರೀಯ ಸಂಗೀತದಲ್ಲಿಯೂ ಇಂಥದೇ ಒಂದು ಏರ್ಪಾಡನ್ನು ಕಾಣಬಹುದು. ಇದೇ ಜಿಲ್ಲೆಯ ಹಾನಗಲ್ಲಿನ ಹೆಸರನ್ನು ಹೊತ್ತ ಗಂಗೂಬಾಯಿ ಹಾನಗಲ್ (1913-2009) ಅವರು ತೊಂಬತ್ತು ದಾಟಿದ ಮೇಲೂ, 2006ರಲ್ಲಿ, ವೇದಿಕೆಯೇರಿ ಹಾಡಿದರು. ಅವರ ಕಛೇರಿಗಳಲ್ಲಿ ದೀರ್ಘಕಾಲ ಮಗಳು ಕೃಷ್ಣಾ ಅವರ ಸಹಗಾಯನವಿತ್ತು. ಅದನ್ನು ಮನೆತನದ ವಾತ್ಸಲ್ಯವೆಂದಷ್ಟೇ ನೋಡಿದರೆ ಸಾಲದು. ಹಿರಿಯ ಕಂಠಕ್ಕೆ ಕಿರಿಯ ಕಂಠ ಒದಗಿಸುವ ಆಸರೆ ಅದು.

ಆಧುನಿಕ ವೇದಿಕೆ ಈ ಏರ್ಪಾಡನ್ನು ಗುರುತಿಸಿಲ್ಲ. ಯುವಜನೋತ್ಸವಗಳ ವಯೋಮಿತಿ 15ರಿಂದ 29 ವರ್ಷ. ಮೆರವಣಿಗೆಗಳಿಗೆ ಬೇಕಾದುದು ಹೆಜ್ಜೆ ಮತ್ತು ಅಬ್ಬರ. ಕೆಲವೇ ನಿಮಿಷಗಳ ಪ್ರದರ್ಶನದಲ್ಲಿ ಕಥನಕ್ಕೆ ಎಡೆಯಿಲ್ಲವಾಗಿ, ಮೊದಲು ಕೈಬಿಡಲ್ಪಡುವವನು ಕುಳಿತು ಹಾಡುವ ಹಿರಿಯನೇ. ಸರ್ಕಾರದ ಮಾಸಾಶನಕ್ಕೆ ಸಾಮಾನ್ಯವಾಗಿ 58 ವರ್ಷ ತುಂಬಿರಬೇಕು, ಕಲಾಸೇವೆಗೆ ದಾಖಲೆಗಳೂ ಇರಬೇಕು. ಊರ ಗುಡಿಯ ಮುಂದೆ ನಾಲ್ಕು ದಶಕ ಹಾಡಿದವನಿಗೆ ಪ್ರಮಾಣಪತ್ರ ಕೊಡುವವರಾರು? ಅವನಿಗೆ ಸಿಕ್ಕಿದ್ದು ಭಂಡಾರ, ಕಾಯಿ, ಒಂದು ಟವೆಲ್ಲು.

ಅಧ್ಯಯನಕಾರರ ಹೊಣೆಯೂ ಇಲ್ಲಿದೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಕ್ಷೇತ್ರಕಾರ್ಯಕ್ಕೆ ನೆಲೆ ದೊರೆತಿದೆ. ಆದರೆ ನಮ್ಮ ಸಂಗ್ರಹಗಳು ಬಹುಮಟ್ಟಿಗೆ ಹಾಡಿನ ಪಠ್ಯವನ್ನು ಹಿಡಿದಿಡುತ್ತವೆ. ಗಾಯಕ ಎಲ್ಲಿ ನಿಂತ, ಯಾವ ಸಾಲನ್ನು ಹಿಮ್ಮೇಳಕ್ಕೆ ಬಿಟ್ಟ, ಶ್ರುತಿಯನ್ನು ಎಷ್ಟು ಇಳಿಸಿಕೊಂಡ, ಯಾವ ವಯಸ್ಸಿನಲ್ಲಿ ಡೊಳ್ಳು ಬಿಟ್ಟು ಹಾಡಿಗೆ ಕುಳಿತ ಎಂಬ ವಿವರಗಳು ಅಲ್ಲಿ ವಿರಳ.