ಸಾಲ್ಟ್ ಲೇಕಿನ ಮೂಡಣದಲ್ಲಿ ಕಂಡ ಹಾರುವ ತಟ್ಟೆ

ನಸುಕಿನಲ್ಲೆದ್ದು ಹೋಟೆಲಿನ ಬಾಗಿಲು ತೆಗೆದು ಒಲೆ ಹೊತ್ತಿಸುವ ನಮ್ಮ ಬಂಧುಗಳಿಗೆ ಮೂಡಣ ಆಕಾಶದ ಪರಿಚಯ ಮಿಕ್ಕವರಿಗಿಂತ ಹೆಚ್ಚು. ಆದುದರಿಂದ ಕಲಕತ್ತೆಯ ಈ ಸಂಗತಿಯನ್ನು ಮೊದಲು ಅವರ ಮುಂದಿಡುವುದೇ ಯುಕ್ತವೆಂದು ತೋರಿತು.

2007ನೆಯ ಇಸವಿ ಅಕ್ಟೋಬರ್ 29ನೆಯ ತಾರೀಕು. ಬೆಳಗಿನ ಜಾವ ಮೂರೂವರೆಯಿಂದ ಆರೂವರೆಯವರೆಗೆ ಪೂರ್ವ ದಿಗಂತದಿಂದ ಸುಮಾರು 30 ಅಂಶ ಎತ್ತರದಲ್ಲಿ ಪ್ರಖರವಾದ ಬೆಳಕೊಂದು ಕಾಣಿಸಿಕೊಂಡಿತು. ಸಾಲ್ಟ್ ಲೇಕಿನ ಅಂಚಿನಲ್ಲಿ ಹಾದುಹೋಗುವ ಈಸ್ಟರ್ನ್ ಮೆಟ್ರೊಪಾಲಿಟನ್ ಬೈಪಾಸ್ ರಸ್ತೆಯಲ್ಲಿ ಅದನ್ನು ನೋಡಲು ನೂರಾರು ಜನ ನೆರೆದರು. ಯಾರೋ ಕೈಯಲ್ಲಿ ಹಿಡಿದ ವಿಡಿಯೋ ಕ್ಯಾಮೆರಾದಿಂದ ಅದರ ಚಿತ್ರ ತೆಗೆದರು. ಆ ಚಿತ್ರದಲ್ಲಿ ಬೆಳಕು ಮೊದಲು ಗುಂಡಾಗಿ, ಬಳಿಕ ತ್ರಿಕೋಣವಾಗಿ, ಕೊನೆಗೆ ನೇರ ಗೆರೆಯಾಗಿ ರೂಪ ಬದಲಿಸುತ್ತಿತ್ತು. ಸುತ್ತ ಪ್ರಭಾವಲಯವೂ ಇತ್ತು. ದೂರದರ್ಶನದ ವಾರ್ತೆಯಲ್ಲಿ ಅದು ಪ್ರಸಾರವಾದ ಮೇಲೆ ಕೇಳಬೇಕೆ? ಅನ್ಯಲೋಕದವರು ಬಂದರೆಂಬ ಗುಲ್ಲೆದ್ದಿತು.

ಚಿತ್ರವನ್ನು ಬಿರ್ಲಾ ತಾರಾಲಯದ ನಿರ್ದೇಶಕ ಡಾ. ಡಿ. ಪಿ. ದುವಾರಿ ಅವರಿಗೆ ತೋರಿಸಲಾಯಿತು. ಮೊದಲ ನೋಟಕ್ಕೆ ಅವರಿಗೂ ಅದು ವಿಚಿತ್ರವಾಗಿಯೇ ಕಂಡಿತು. ಕಡೆಗೆ ತೇಲಿದ್ದು ಶುಕ್ರ ಗ್ರಹ. ಊರಿನಲ್ಲಿ ನಮ್ಮ ಹಿರಿಯರು ‘ಬೆಳ್ಳಿ ಮೂಡಿತು, ಏಳಿ’ ಎಂದು ಮಕ್ಕಳನ್ನು ಎಬ್ಬಿಸುತ್ತಿದ್ದ ಅದೇ ಬೆಳ್ಳಿ! ಹಿಂದಿನ ದಿನವಷ್ಟೇ ಅದು ಸೂರ್ಯನಿಂದ ಗರಿಷ್ಠ ದೂರಕ್ಕೆ, ಎಂದರೆ ಸುಮಾರು 46 ಅಂಶಕ್ಕೆ ಸರಿದಿತ್ತು. ಆದ ಕಾರಣ ಸೂರ್ಯನಿಗಿಂತ ಸುಮಾರು ಮೂರು ತಾಸು ಮುಂಚಿತವಾಗಿಯೇ ಉದಯಿಸುತ್ತಿತ್ತು.

ಹಾಗಾದರೆ ತ್ರಿಕೋಣವೆಲ್ಲಿಂದ ಬಂತು? ಕತ್ತಲಲ್ಲಿ ಕ್ಯಾಮೆರಾದ ಮಸೂರ ಒಂದು ಚುಕ್ಕೆಯ ಮೇಲೆ ನೆಲೆಗೊಳ್ಳಲಾರದೆ ತಡಕಾಡುತ್ತದೆ. ಆಗ ಚುಕ್ಕೆ ಹಿಗ್ಗಿ, ಬೆಳಕು ಒಳಹೋಗುವ ಕಂಡಿಯ ಆಕಾರವನ್ನೇ ತಾಳುತ್ತದೆ. ಹಿಡಿದ ಕೈ ನಡುಗಿದರೆ ಚುಕ್ಕೆ ಗೆರೆಯಾಗುತ್ತದೆ. ನೋಡಿದ ಜನರನ್ನು ಮೂಢರೆಂದು ಹಳಿಯುವುದು ನನಗೆ ಸರಿತೋರದು. ಅವರ ಕಣ್ಣಿಗಿಂತ ಯಂತ್ರವೇ ಹೆಚ್ಚು ಸುಳ್ಳು ಹೇಳಿತು.

ಇಲ್ಲೊಂದು ಸ್ವಾರಸ್ಯವಿದೆ. ಗ್ರಹಗಳ ಗತಿಯನ್ನು ಗಣಿಸಿ, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ‘ರಾಷ್ಟ್ರೀಯ ಪಂಚಾಂಗ’ವನ್ನು ಹೊರತಂದಿರುವ ಕೇಂದ್ರ ಸರ್ಕಾರದ ಪೊಸಿಷನಲ್ ಅಸ್ಟ್ರಾನಮಿ ಸೆಂಟರ್ ಇರುವುದು ಇದೇ ಸಾಲ್ಟ್ ಲೇಕಿನಲ್ಲಿ! ಅಂದು ರವಿ ತುಲೆಯಲ್ಲಿ, ಶುಕ್ರ ಸಿಂಹದಲ್ಲಿ. ಪಂಚಾಂಗ ಬಲ್ಲ ಯಾವ ಅಜ್ಜನಾದರೂ ಬೆಳ್ಳಿ ಬೆಳಗಿನ ಜಾವ ಮೂಡುವುದೆಂದು ಹೇಳಿಬಿಡುತ್ತಿದ್ದ.

ಇಂತಹ ಭ್ರಮೆ ಜನಸಾಮಾನ್ಯರಿಗೆ ಮೀಸಲಲ್ಲ. ಲಡಾಖಿನ ಚೀಣಾ ಗಡಿಯಲ್ಲಿ 2012ರ ಆಗಸ್ಟಿನಿಂದ 2013ರ ಫೆಬ್ರವರಿಯವರೆಗೆ ನಮ್ಮ ಯೋಧರು 329 ಬಾರಿ ಅಪರಿಚಿತ ಬೆಳಕುಗಳನ್ನು ಕಂಡು ದಾಖಲಿಸಿದರು. ಶತ್ರುವಿನ ಬೇಹುಗಾರ ವಿಮಾನಗಳೆಂಬ ಸಂಶಯ. ಸಂಶಯ ನಿಜವೆಂದು ಗುಂಡು ಹಾರಿದ್ದರೆ? ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಪರಿಶೀಲಿಸಿ, ಅವು ಗುರು ಮತ್ತು ಶುಕ್ರ ಗ್ರಹಗಳೆಂದು ತಿಳಿಸಿದರು.

ನಮ್ಮವರಿಗೂ ಎಂದಾದರೊಂದು ದಿನ ಇಂತಹ ಬೆಳಕು ಕಂಡೀತು. ಆಗ ವಿದ್ಯುತ್ ಕಂಬದ ಪಕ್ಕದಲ್ಲೋ ಮಾಳಿಗೆಯ ಅಂಚಿನಲ್ಲೋ ಅದನ್ನು ಗುರುತಿಟ್ಟು ಗಡಿಯಾರ ನೋಡಿಕೊಳ್ಳಬೇಕು. ಮುಂದಕ್ಕೆ ಚಾಚಿದ ಕೈಯ ಮುಷ್ಟಿಯ ಅಗಲ ಸುಮಾರು 10 ಅಂಶ. ಆಕಾಶದ ಗ್ರಹಕ್ಕೆ ಅಷ್ಟು ಸರಿಯಲು ಸುಮಾರು 40 ನಿಮಿಷ ಬೇಕು. ಮೊದಲ ಸರದಿಯ ಇಡ್ಲಿ ಬೇಯಿಸಿ ಇಳಿಸಿ, ಮತ್ತೆ ಅದೇ ಜಾಗದಲ್ಲಿ ನಿಂತು ನೋಡಿ. ಬೆಳಕು ಮುಷ್ಟಿಯಳತೆಯಷ್ಟೇ ಮೇಲೇರಿದ್ದರೆ, ಮರುದಿನವೂ ಅದೇ ಹೊತ್ತಿಗೆ ಅಲ್ಲಿಯೇ ಇದ್ದರೆ, ಒಳಗೆ ಹೋಗಿ ಕಾಫಿಗೆ ನೀರಿಡಬಹುದು.