ಐದು ಪಟ್ಟು ಪಾಯಿಂಟ್‌: ಕೈಗೆ ಉಳಿಯುವುದೆಷ್ಟು?

ಗಿಫ್ಟ್ ಕಾರ್ಡ್ ಕೊಂಡು ಕ್ರೆಡಿಟ್ ಕಾರ್ಡಿನ ಪಾಯಿಂಟ್ ಗಳಿಸುವುದು ಯಾರಿಗೆ ಲಾಭ, ಯಾವಾಗ ನಷ್ಟ? ಕಬ್ಬಿನ ಸೀಮೆಯ ಮನೆಲೆಕ್ಕ ಇಲ್ಲಿದೆ.

ಕ್ರೆಡಿಟ್ ಕಾರ್ಡ್ ಈಗ ನಗರದ ಸಂಬಳದಾರರ ಜೇಬಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ಬಾಗಲಕೋಟೆ ಜಿಲ್ಲೆಯ ಚಿಮ್ಮಡದಂಥ ಊರಲ್ಲೂ ಶಾಲೆ ಮಾಸ್ತರರು, ಸಕ್ಕರೆ ಕಾರ್ಖಾನೆಯ ನೌಕರರು, ಪಕ್ಕದ ರಬಕವಿ-ಬನಹಟ್ಟಿಯಲ್ಲಿ ಮಗ್ಗ ನಡೆಸುವವರು, ಬೆಂಗಳೂರು-ಪುಣೆಯಲ್ಲಿ ಕೆಲಸಕ್ಕಿರುವ ಮಕ್ಕಳು ಕಾರ್ಡ್ ಇಟ್ಟುಕೊಳ್ಳುತ್ತಿದ್ದಾರೆ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು 2022ರಲ್ಲಿ ರಿಸರ್ವ್ ಬ್ಯಾಂಕ್ ಒಪ್ಪಿದ ಮೇಲಂತೂ ಕಿರಾಣಿ ಅಂಗಡಿಯ ಕ್ಯೂಆರ್ ಚೀಟಿಗೂ ಕಾರ್ಡಿನಿಂದಲೇ ಹಣ ಸಂದಾಯ ಮಾಡಬಹುದು. ಅದರ ಬೆನ್ನಿಗೇ ಬ್ಯಾಂಕಿನ ಆ್ಯಪ್ ಹೊಸ ಆಮಿಷ ಒಡ್ಡುತ್ತದೆ: ನಮ್ಮ ತಾಣದಲ್ಲಿ ಗಿಫ್ಟ್ ಕಾರ್ಡ್ ಕೊಳ್ಳಿ, ಐದು ಪಟ್ಟು ಪಾಯಿಂಟ್ ಪಡೆಯಿರಿ.

ಇದರಲ್ಲಿ ಮೋಸವೇನಿಲ್ಲ. ಆದರೆ ಲಾಭ ಎಲ್ಲರಿಗೂ ಇಲ್ಲ, ಎಲ್ಲ ತಿಂಗಳೂ ಇಲ್ಲ. ಪೂರ್ತಿ ಬಿಲ್ ಕಟ್ಟುವ ಹಣ ಇವತ್ತೇ ಖಾತೆಯಲ್ಲಿರಬೇಕು. ಕೊಳ್ಳುವ ವಸ್ತು ಮೊದಲೇ ನಿಶ್ಚಯವಾಗಿರಬೇಕು. ಬೇರೆ ಯಾವ ದಾರಿಯಲ್ಲಿ ಕೊಂಡರೂ ಇಷ್ಟು ಉಳಿಯುವುದಿಲ್ಲ ಎಂಬುದು ಲೆಕ್ಕದಿಂದ ಖಾತ್ರಿಯಾಗಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಪಾಯಿಂಟಿನ ಗೊಡವೆ ಬೇಡ.

ಪಾಯಿಂಟ್ ಎಲ್ಲಿಂದ ಬರುತ್ತದೆ?

ನಾವು ಕಾರ್ಡ್ ಬಳಸಿದಾಗ ಸಾಮಾನ್ಯವಾಗಿ ಅಂಗಡಿಯವರು ಬ್ಯಾಂಕಿಗೆ ಸಣ್ಣದೊಂದು ಶುಲ್ಕ ತೆರುತ್ತಾರೆ. ಅದರಲ್ಲೊಂದು ಪಾಲು ಪಾಯಿಂಟಿನ ರೂಪದಲ್ಲಿ ನಮಗೆ ಮರಳುತ್ತದೆ. ಗಿಫ್ಟ್ ಕಾರ್ಡಿನಲ್ಲಿ ಇನ್ನೊಂದು ಮೂಲವೂ ಉಂಟು. ದೊಡ್ಡ ಮಳಿಗೆಗಳು ತಮ್ಮ ವೋಚರ್‌ಗಳನ್ನು ಸಗಟಾಗಿ ರಿಯಾಯಿತಿ ದರದಲ್ಲಿ ಮಾರುತ್ತವೆ. ಆ ಉಳಿತಾಯವೇ ಹೆಚ್ಚುವರಿ ಪಾಯಿಂಟಾಗಿ ಬರುತ್ತದೆ. ನಮ್ಮ ಹಣ ಮುಂಗಡವಾಗಿ ಸಿಕ್ಕಿತು, ಗಿರಾಕಿ ಬೇರೆಡೆ ಹೋಗಲಾರ ಎಂಬುದೇ ಮಳಿಗೆಗೆ ಸಿಗುವ ಪ್ರತಿಫಲ.

ಕೊಡುವ ಕೈಗೆ ನಿಲ್ಲಿಸುವುದೂ ಗೊತ್ತು. ಪ್ರತಿ ವ್ಯಾಪಾರಕ್ಕೂ ಕಾರ್ಡ್ ಜಾಲದಲ್ಲಿ ನಾಲ್ಕಂಕಿಯ ವರ್ಗ ಸಂಖ್ಯೆ ಇರುತ್ತದೆ. ಉಡುಗೊರೆ ಅಂಗಡಿಗಳದ್ದು 5947. ಇಂಥ ಸಂಖ್ಯೆಗಳಿಗೆ ಪಾಯಿಂಟ್ ಇಲ್ಲ ಎಂದು ಬ್ಯಾಂಕ್ ಷರತ್ತು ಬದಲಿಸಿದರೆ ಆಟ ಅಲ್ಲಿಗೆ ಮುಗಿಯಿತು. ಬಾಡಿಗೆ, ಇಂಧನ, ವ್ಯಾಲೆಟ್‌ಗೆ ಹಣ ತುಂಬುವುದು, ಗಿಫ್ಟ್ ಕಾರ್ಡ್ ಇವನ್ನೆಲ್ಲ ಪಾಯಿಂಟಿನಿಂದ ಹೊರಗಿಟ್ಟ ಕಾರ್ಡ್‌ಗಳು ನಮ್ಮಲ್ಲೂ ಹಲವು. ಇದಕ್ಕೊಂದು ಹಳೆಯ ಉದಾಹರಣೆ ಅಮೆರಿಕದ್ದು. ಅಲ್ಲಿ ಒಂದು ಡಾಲರ್ ನಾಣ್ಯಗಳ ಚಲಾವಣೆ ಹೆಚ್ಚಿಸಲು ಸರಕಾರಿ ಟಂಕಸಾಲೆ ಅವನ್ನು ಸಾಗಣೆ ಖರ್ಚಿಲ್ಲದೆ ಮನೆಗೆ ಕಳಿಸುತ್ತಿತ್ತು. ಜನ ಕಾರ್ಡಿನಿಂದ ನಾಣ್ಯ ತರಿಸಿ, ಅದನ್ನೇ ಬ್ಯಾಂಕಿಗೆ ಜಮಾ ಮಾಡಿ, ಬಿಲ್ ತೀರಿಸಿ, ವಿಮಾನದ ಟಿಕೆಟ್ಟಿಗಾಗುವಷ್ಟು ಪಾಯಿಂಟ್ ಗಳಿಸಿದರು. 2011ರ ಜುಲೈನಲ್ಲಿ ಟಂಕಸಾಲೆ ಕಾರ್ಡ್ ಪಾವತಿಯನ್ನೇ ನಿಲ್ಲಿಸಿತು. ಇಂಥ ಲಾಭ ಯಾವತ್ತಿದ್ದರೂ ತಾತ್ಕಾಲಿಕ. ಹಾಗಾಗಿ ಹೋದ ವರ್ಷ ನೆಂಟರೊಬ್ಬರು ಗಳಿಸಿದ್ದನ್ನು ಕೇಳಿ ಈ ವರ್ಷ ಕೊಳ್ಳಬಾರದು. ಈ ತಿಂಗಳ ಷರತ್ತನ್ನು ಓದಿ ಕೊಳ್ಳಬೇಕು.

ಇಪ್ಪತ್ತು ಸಾವಿರದ ಲೆಕ್ಕ

ಮನೆಗೆ 20,000 ರೂಪಾಯಿಯ ಫ್ರಿಜ್ ಬೇಕಾಗಿದೆ ಎನ್ನೋಣ. ಕಾರ್ಡಿನಲ್ಲಿ ಪ್ರತಿ 100 ರೂಪಾಯಿಗೆ 3 ಪಾಯಿಂಟ್, ಒಂದು ಪಾಯಿಂಟಿನ ಬೆಲೆ 25 ಪೈಸೆ. ನೇರವಾಗಿ ಕಾರ್ಡಿನಿಂದ ಕೊಂಡರೆ 600 ಪಾಯಿಂಟ್, ಅಂದರೆ 150 ರೂಪಾಯಿ. ಗಿಫ್ಟ್ ಕಾರ್ಡ್ ಮೂಲಕ ಐದು ಪಟ್ಟು, ಅಂದರೆ 3,000 ಪಾಯಿಂಟ್, 750 ರೂಪಾಯಿ. ಕಣ್ಣಿಗೆ ಕಾಣುವ ಲಾಭ 600 ರೂಪಾಯಿ.

ಈಗ ಶುಲ್ಕ ನೋಡಿ. ಗಿಫ್ಟ್ ಕಾರ್ಡಿಗೆ ಶೇ 2ರಷ್ಟು ಸೇವಾ ಶುಲ್ಕ ಇದ್ದರೆ 400 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ 72 ರೂಪಾಯಿ. ಒಟ್ಟು 472 ಹೋಯಿತು; ಉಳಿದದ್ದು 128 ರೂಪಾಯಿ. ಶುಲ್ಕವೇ ಇಲ್ಲದಿದ್ದರೆ 600 ಪೂರ್ತಿ ನಮ್ಮದು. ಐದು ಪಟ್ಟು ಎಂಬ ದೊಡ್ಡ ಅಕ್ಷರಕ್ಕಿಂತ ಕೆಳಗಿನ ಸಣ್ಣ ಅಕ್ಷರದ ಶುಲ್ಕವೇ ಇಲ್ಲಿ ತೀರ್ಮಾನಿಸುವುದು.

ಸೂತ್ರ ಇಷ್ಟೇ: ಗಿಫ್ಟ್ ಕಾರ್ಡಿನಿಂದ ಹೆಚ್ಚಿಗೆ ಸಿಗುವ ಶೇಕಡಾವಾರು, ಜಿಎಸ್‌ಟಿ ಸೇರಿದ ಶುಲ್ಕದ ಶೇಕಡಾವಾರಿಗಿಂತ ದೊಡ್ಡದಿರಬೇಕು. ಮೇಲಿನ ಉದಾಹರಣೆಯಲ್ಲಿ ಹೆಚ್ಚಿಗೆ ಸಿಗುವುದು ಶೇ 3, ಹೋಗುವುದು ಶೇ 2.36.

ಹೋಲಿಕೆ ಇಲ್ಲಿಗೇ ನಿಲ್ಲಬಾರದು. ಬನಹಟ್ಟಿ ಅಥವಾ ಮಹಾಲಿಂಗಪುರದ ಪೇಟೆಯಲ್ಲಿ ಇದೇ ಫ್ರಿಜ್ಜಿಗೆ ಚೌಕಾಸಿ ಮಾಡಿದರೆ, "ರೊಕ್ಕಾ ಕೊಟ್ಟು ಒಯ್ತೀರಂದ್ರ ಐನೂರು ಕಡಿಮಿ ಮಾಡ್ತೀನ್ರೀ" ಎನ್ನುವ ಅಂಗಡಿಕಾರರಿದ್ದಾರೆ. ಆ ಐನೂರರ ಮುಂದೆ, ಗಿಫ್ಟ್ ಕಾರ್ಡಿನ 750ರಲ್ಲಿ ಶುಲ್ಕದ 472 ಕಳೆದು ಉಳಿಯುವ 278 ರೂಪಾಯಿ ಕಡಿಮೆಯೇ. ಹಬ್ಬದ ಮಾರಾಟದಲ್ಲಿ ಕೆಲವು ಕಾರ್ಡ್‌ಗಳಿಗೆ ಶೇ 10ರ ತಕ್ಷಣದ ರಿಯಾಯಿತಿ ಇರುತ್ತದೆ. ಅದು ಸಿಗುವುದು ಕಾರ್ಡಿನಿಂದ ನೇರವಾಗಿ ಕೊಟ್ಟ ಹಣಕ್ಕೆ. ಗಿಫ್ಟ್ ಕಾರ್ಡಿನಿಂದ ತುಂಬಿದ ಭಾಗಕ್ಕಲ್ಲ.

ಕಬ್ಬಿನ ಬಿಲ್ ಮತ್ತು ಕಾರ್ಡಿನ ಬಿಲ್

ಈ ಸೀಮೆಯಲ್ಲಿ ಶೇಕಡಾವಾರಿಗಿಂತ ದೊಡ್ಡ ಪ್ರಶ್ನೆ ತಾರೀಖಿನದು. ಸಂಬಳದಾರರಿಗೆ ತಿಂಗಳಿಗೊಮ್ಮೆ ಪಗಾರ ಬರುತ್ತದೆ, ಕಾರ್ಡಿನ ಬಿಲ್ಲೂ ತಿಂಗಳಿಗೊಮ್ಮೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಕಬ್ಬು ಬೆಳೆಗಾರರ ಕೈಗೆ ಹಣ ಬರುವುದು ಕಾರ್ಖಾನೆ ನುರಿಸಿದ ಮೇಲೆ. ಪೂರೈಸಿದ 14 ದಿನಗಳಲ್ಲಿ ಹಣ ಪಾವತಿಸಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೂ ದರಕ್ಕಾಗಿ, ಬಾಕಿಗಾಗಿ ಬೀದಿಗಿಳಿಯುವುದು ಇಲ್ಲಿಯ ರೈತರಿಗೆ ತಪ್ಪಿಲ್ಲ. 2025ರ ನವೆಂಬರಿನಲ್ಲೂ ಮುಧೋಳದಲ್ಲಿ ಅದೇ ಹೋರಾಟ ನಡೆಯಿತು.

ಕಾರ್ಖಾನೆ ತಡ ಮಾಡಿತೆಂದು ಕಾರ್ಡಿನ ಬ್ಯಾಂಕ್ ತಡೆದುಕೊಳ್ಳುವುದಿಲ್ಲ. ಹಲವು ಕಾರ್ಡ್‌ಗಳಲ್ಲಿ ಬಡ್ಡಿ ತಿಂಗಳಿಗೆ ಶೇ 3.5ರ ಆಸುಪಾಸು, ವರ್ಷಕ್ಕೆ ಶೇ 42. 20,000 ರೂಪಾಯಿಯನ್ನು ಒಂದೇ ತಿಂಗಳು ಉಳಿಸಿಕೊಂಡರೂ ಬಡ್ಡಿ 700, ಜಿಎಸ್‌ಟಿ 126, ಒಟ್ಟು 826 ರೂಪಾಯಿ. ತಡಪಾವತಿ ದಂಡ ಬೇರೆ. ಬಿಲ್ಲಿನಲ್ಲಿ ಕಾಣುವ "ಕನಿಷ್ಠ ಬಾಕಿ"ಯನ್ನಷ್ಟೇ ಕಟ್ಟಿದರೆ ದಂಡ ತಪ್ಪೀತು, ಬಡ್ಡಿ ತಪ್ಪದು. ಖರೀದಿಸಿದ ದಿನದಿಂದಲೇ ಅದು ಎಣಿಕೆಯಾಗುತ್ತದೆ. ಬಾಕಿ ತೀರುವವರೆಗೆ ಹೊಸ ಖರೀದಿಗೂ ಬಡ್ಡಿರಹಿತ ದಿನಗಳಿಲ್ಲ.

ಇದೇ ರೈತನಿಗೆ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ, ಸಕಾಲಕ್ಕೆ ತೀರಿಸಿದರೆ ಬಡ್ಡಿಯೇ ಇಲ್ಲದ ಬೆಳೆಸಾಲ ಇದೆ. 2023ರಲ್ಲಿ ರಾಜ್ಯ ಸರಕಾರ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಒಂದು ಕಡೆ ಶೂನ್ಯ ಬಡ್ಡಿ, ಇನ್ನೊಂದು ಕಡೆ ಶೇ 42. ಕಬ್ಬಿನ ಬಿಲ್ ನೆಚ್ಚಿಕೊಂಡು ಪಾಯಿಂಟಿಗಾಗಿ ಗಿಫ್ಟ್ ಕಾರ್ಡ್ ಕೊಳ್ಳುವುದು ಬೇಡವೇ ಬೇಡ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಕಟ್ಟಿಹಾಕಿದ ಹಣ

ಗಿಫ್ಟ್ ಕಾರ್ಡ್ ಕೊಂಡ ಕ್ಷಣದಿಂದ ನಮ್ಮ ನಗದು ಒಂದೇ ಮಳಿಗೆಯದ್ದೋ ಕೆಲವೇ ಮಳಿಗೆಗಳದ್ದೋ ಹಣವಾಗಿಬಿಡುತ್ತದೆ. ಫೋನಿಗೆ ಬರುವುದು ಉದ್ದದ ಒಂದು ಸಂಖ್ಯೆ, ಒಂದು ಪಿನ್, ಒಂದು ಕೊನೆಯ ದಿನಾಂಕ. 2021ರ ಆಗಸ್ಟಿನ ರಿಸರ್ವ್ ಬ್ಯಾಂಕ್ ನಿರ್ದೇಶನದಂತೆ, ಅದರ ನಿಯಂತ್ರಣಕ್ಕೆ ಒಳಪಟ್ಟ ಗಿಫ್ಟ್ ಕಾರ್ಡಿನ ಮೌಲ್ಯ 10,000 ರೂಪಾಯಿ ಮೀರುವಂತಿಲ್ಲ, ಮರುಭರ್ತಿ ಇಲ್ಲ, ನಗದಾಗಿ ತೆಗೆಯುವಂತಿಲ್ಲ, ಅವಧಿ ಕನಿಷ್ಠ ಒಂದು ವರ್ಷ. ಕೇಳಿಕೊಂಡರೆ ಅವಧಿ ನವೀಕರಿಸಿ ಕೊಡಬೇಕು. ಒಂದೇ ಮಳಿಗೆ ತನ್ನಲ್ಲಿ ಮಾತ್ರ ನಡೆಯುವಂತೆ ಕೊಡುವ ವೋಚರ್‌ಗೆ ಈ ರಕ್ಷಣೆ ಇಲ್ಲ. ಅದರ ಷರತ್ತು ಅದರದ್ದೇ.

ಚಿಮ್ಮಡದ ಮನೆಯೊಂದರ ಖರ್ಚನ್ನು ನೆನೆಯಿರಿ: ಗೊಬ್ಬರ, ಬೀಜ, ಡೀಸೆಲ್, ಕೂಲಿ, ಕಿರಾಣಿ, ಸಂತೆಯ ಕಾಯಿಪಲ್ಯ, ಆಸ್ಪತ್ರೆ. ಇವುಗಳಲ್ಲಿ ಗಿಫ್ಟ್ ಕಾರ್ಡ್ ನಡೆಯುವ ಬಾಬ್ತು ಎಷ್ಟು? ನಗರದ ಮನೆಗೆ ತಿಂಗಳ ದಿನಸಿಯೇ ಆನ್‌ಲೈನ್ ತಾಣದಿಂದ ಬರುತ್ತದೆ. ಅವರಿಗೆ ಆ ತಾಣದ ಗಿಫ್ಟ್ ಕಾರ್ಡ್ ನಗದಿಗೆ ಸಮ. ನಮಗೆ ಮೊಬೈಲ್, ಮಿಕ್ಸರ್, ಮಕ್ಕಳ ಪುಸ್ತಕ, ಬಟ್ಟೆಯಷ್ಟೇ. ಉಳಿದ ಮೌಲ್ಯ ಖಾಲಿ ಮಾಡಲೆಂದೇ ಬೇಡದ್ದನ್ನು ಕೊಂಡರೆ ಪಾಯಿಂಟಿನ ಹತ್ತು ಪಟ್ಟು ಹಣ ಪೋಲಾದೀತು. ಗಿಫ್ಟ್ ಕಾರ್ಡಿನಿಂದ ಕೊಂಡದ್ದನ್ನು ಹಿಂದಿರುಗಿಸಿದರೂ ಹಣ ಸಾಮಾನ್ಯವಾಗಿ ಗಿಫ್ಟ್ ಕಾರ್ಡಿಗೇ ಮರಳುತ್ತದೆ, ಬ್ಯಾಂಕ್ ಖಾತೆಗಲ್ಲ.

ಆ ಸಂಖ್ಯೆ ಮತ್ತು ಪಿನ್ ಯಾರ ಕೈಗೆ ಸಿಕ್ಕಿತೋ ಹಣ ಅವರದ್ದು. ಸಾಹೇಬರ ಹೆಸರಿನಲ್ಲಿ ವಾಟ್ಸ್‌ಆ್ಯಪ್ ಮಾಡಿ, ತುರ್ತಾಗಿ ಗಿಫ್ಟ್ ಕಾರ್ಡ್ ಕೊಂಡು ಸಂಖ್ಯೆ ಕಳಿಸಿ ಎನ್ನುವ ವಂಚಕರಿದ್ದಾರೆ. ಹಾಗೆ ಮೋಸಹೋದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಕೊಳ್ಳಬಹುದಾದ ಸಂದರ್ಭಗಳು

ಹಾಗಾದರೆ ಯಾರು ಕೊಳ್ಳಬಹುದು? ಮೊದಲನೆಯವರು, ಶುಲ್ಕವಿಲ್ಲದ ಗಿಫ್ಟ್ ಕಾರ್ಡ್ ಸಿಕ್ಕಿ, ಅದೇ ವಾರದಲ್ಲಿ ಅದನ್ನು ಖರ್ಚು ಮಾಡುವವರು. ವಸ್ತುವಿನ ಬೆಲೆ ಮೊದಲು ನೋಡಿ, ಬೇಕಾದಷ್ಟೇ ಮೊತ್ತದ ಕಾರ್ಡ್ ಕೊಂಡು, ಕೂಡಲೇ ಬಳಸಿಬಿಡುವುದು ಕ್ಷೇಮ.

ಎರಡನೆಯವರು, ವಾರ್ಷಿಕ ಶುಲ್ಕದ ವಿನಾಯಿತಿಗೆ ಸ್ವಲ್ಪವೇ ಕಡಿಮೆ ಬಿದ್ದವರು. ಶುಲ್ಕ 1,000 ರೂಪಾಯಿ ಇದ್ದರೆ ಜಿಎಸ್‌ಟಿ ಸೇರಿ 1,180. ಇನ್ನು 5,000 ರೂಪಾಯಿ ಖರ್ಚಾದರೆ ಅದು ಮನ್ನಾ ಆಗುವುದಾದರೆ, ಮುಂದಿನ ತಿಂಗಳು ಹೇಗೂ ಮಾಡಬೇಕಾದ ಖರೀದಿಯನ್ನು ಗಿಫ್ಟ್ ಕಾರ್ಡ್ ಮೂಲಕ ಈಗಲೇ ಮಾಡುವುದು ಜಾಣತನ. ಆದರೆ ಗಿಫ್ಟ್ ಕಾರ್ಡಿನ ಖರ್ಚು ಆ ಮಿತಿಗೆ ಲೆಕ್ಕಕ್ಕೆ ಬರುತ್ತದೆಯೇ ಎಂದು ಬ್ಯಾಂಕಿನಿಂದ ಖಚಿತ ಮಾಡಿಕೊಳ್ಳಬೇಕು.

ಕೊಂಡ ಗಿಫ್ಟ್ ಕಾರ್ಡನ್ನು ಇತರರಿಗೆ ಮಾರಿ ನಗದು ಮಾಡಿಕೊಳ್ಳುವ ದಾರಿ ಮಾತ್ರ ಬೇಡ. ಮುಖಬೆಲೆಗಿಂತ ಕಡಿಮೆಗೆ ಮಾರಬೇಕಾಗುತ್ತದೆ, ಕೊಂಡವರ ಹಣ ಯಾವುದೆಂದು ತಿಳಿಯದು, ಬ್ಯಾಂಕಿಗೆ ಅನುಮಾನ ಬಂದರೆ ಕಾರ್ಡ್ ರದ್ದಾದೀತು. ಕಾರ್ಡಿನ ಮಿತಿಯನ್ನು ಸದಾ ತುಂಬಿಸಿಕೊಂಡಿದ್ದರೆ ಕ್ರೆಡಿಟ್ ಸ್ಕೋರ್ ಇಳಿಯುತ್ತದೆ; ನಾಳೆ ಟ್ರ್ಯಾಕ್ಟರ್ ಸಾಲಕ್ಕೆ ಹೋದಾಗ ಬ್ಯಾಂಕ್ ಮೊದಲು ನೋಡುವುದು ಅದನ್ನೇ.

ಪಗಾರದ ಮನೆಯಲ್ಲಿ ವರ್ಷಕ್ಕೆ ಒಂದೆರಡು ದೊಡ್ಡ ಖರೀದಿಗೆ ಈ ದಾರಿ ಹಿಡಿಯಿರಿ. ಐನೂರೋ ಸಾವಿರವೋ ಉಳಿದರೆ ಅದು ನಿಮ್ಮ ಎಚ್ಚರಕ್ಕೆ ಸಂದ ಹಣ. ಬೆಳೆಯ ಹಣದ ಮೇಲೆ ನಿಂತ ಮನೆಯವರು ಕಬ್ಬಿನ ಬಿಲ್ ಖಾತೆಗೆ ಜಮಾ ಆದ ಮೇಲೆ ಮಾತ್ರ ಯೋಚಿಸಿ. ಅಲ್ಲಿಯವರೆಗೆ ನಗದು ನಗದಾಗಿಯೇ ಇರಲಿ. ಗೊಬ್ಬರದ ಅಂಗಡಿಗೂ ಆಸ್ಪತ್ರೆಗೂ ನಡೆಯುವುದು ಅದೇ, ಗಿಫ್ಟ್ ಕಾರ್ಡ್ ಅಲ್ಲ.